ಎರಡು ದಡಕ್ಕೆ ಒಂದೇ ಕಾವಲು

ಮಕ್ಕಳೇ, ಒಂದು ದೊಡ್ಡ ಕಾಡಿನ ನಡುವೆ ಒಂದು ಸಣ್ಣ ಹಳ್ಳ ಹರಿಯುತ್ತಿತ್ತು. ಬೇಸಿಗೆಯಲ್ಲಿ ಮೊಲ ಕೂಡ ಕಾಲು ನೆನೆಸಿಕೊಳ್ಳದೆ ಕಲ್ಲಿನಿಂದ ಕಲ್ಲಿಗೆ ಜಿಗಿದು ದಾಟಬಹುದಾದ ಹಳ್ಳ. ಆದರೂ ಆ ಕಾಡಿನಲ್ಲಿ ಅದಕ್ಕಿಂತ ದೊಡ್ಡ ಗಡಿ ಬೇರೆ ಇರಲಿಲ್ಲ. ಮೂಡಣ ದಡದಲ್ಲಿ ಕಡವೆಗಳಿದ್ದವು, ಪಡುವಣ ದಡದಲ್ಲಿ ಕಾಡುಹಂದಿಗಳು. ಒಬ್ಬರನ್ನು ಕಂಡರೆ ಒಬ್ಬರಿಗೆ ಆಗುತ್ತಿರಲಿಲ್ಲ.

ಕಡವೆಗಳ ದಡದಲ್ಲಿ ಒಂದು ಉಪ್ಪುಗುಂಡಿ ಇತ್ತು. ಅಲ್ಲಿಯ ಮಣ್ಣಿನಲ್ಲೇ ಉಪ್ಪಿನ ರುಚಿ. ಅದನ್ನು ನೆಕ್ಕಿದರೆ ಕಡವೆಗಳ ಕೊಂಬು ಗಟ್ಟಿಯಾಗಿ ಬೆಳೆಯುತ್ತಿತ್ತು, ಹಂದಿಮರಿಗಳ ಹೊಟ್ಟೆನೋವು ವಾಸಿಯಾಗುತ್ತಿತ್ತು. ಹಂದಿಗಳ ದಡದಲ್ಲಿ ಒಂದು ಒರಟು ಬಂಡೆ ಇತ್ತು. ಅದನ್ನು ಎಲ್ಲರೂ ಮಸೆಬಂಡೆ ಎನ್ನುತ್ತಿದ್ದರು. ಅದಕ್ಕೆ ಮೈ ತಿಕ್ಕಿದರೆ ಉಣ್ಣಿಗಳು ಉದುರುತ್ತಿದ್ದವು, ಕೋರೆ ತಿಕ್ಕಿದರೆ ಚೂಪಾಗುತ್ತಿತ್ತು. ಕಡವೆಗಳು ಹೊಸ ಕೊಂಬನ್ನು ತಿಕ್ಕಿದರೆ ಮೇಲಿನ ತೊಗಲು ಸುಲಿದು ನವೆ ನಿಲ್ಲುತ್ತಿತ್ತು.

ನೋಡಿ, ಬದುಕುವುದಕ್ಕೂ ಅವೆರಡೇ ಬೇಕು, ಬಡಿದಾಡುವುದಕ್ಕೂ ಅವೆರಡೇ ಬೇಕು. ತಂಟೆ ಇದ್ದದ್ದೇ ಅಲ್ಲಿ.

ಸಂಜೆ ಮಸೆಬಂಡೆಯ ಕಡೆಯಿಂದ ಕರಕರ ಸದ್ದು ಕೇಳಿದರೆ ಸಾಕು, ಕಡವೆಗಳ ಕಿವಿ ನೆಟ್ಟಗಾಗುತ್ತಿತ್ತು. "ಹಂದಿಗಳು ನಮಗಾಗಿಯೇ ಕೋರೆ ಮಸೆಯುತ್ತಿವೆ!" ಎಂದು ಹೆದರಿ ಗಂಡು ಕಡವೆಗಳೆಲ್ಲ ಉಪ್ಪುಗುಂಡಿಗೆ ಓಡಿ ಹೊಟ್ಟೆ ಬಿರಿಯುವಷ್ಟು ಮಣ್ಣು ನೆಕ್ಕುತ್ತಿದ್ದವು. ಅದನ್ನು ಪೊದೆಯಿಂದ ಇಣುಕಿ ನೋಡಿದ ಹಂದಿ, "ಕಡವೆಗಳು ಕೊಂಬು ಬಲಿಸಿಕೊಳ್ಳುತ್ತಿವೆ, ಇವತ್ತೋ ನಾಳೆಯೋ ನಮ್ಮ ಮೇಲೆ ಬೀಳುತ್ತವೆ!" ಎಂದು ಕೂಗುತ್ತ ಓಡುತ್ತಿತ್ತು. ಆಮೇಲೆ ಹಂದಿಗಳು ನಿಜವಾಗಿಯೂ ಕೋರೆ ಮಸೆಯುತ್ತಿದ್ದವು. ಮೊದಲಿನ ಸದ್ದು ಯಾವುದೋ ಮುದಿಹಂದಿ ಬೆನ್ನು ಕೆರೆದುಕೊಂಡದ್ದೂ ಇರಬಹುದು. ಹೋಗಿ ಕೇಳುವವರು ಯಾರು?

ಹೀಗೆ ಅಜ್ಜಂದಿರ ಕಾಲದಲ್ಲಿ ಒಂದು ಕಾಳಗ, ಅಪ್ಪಂದಿರ ಕಾಲದಲ್ಲಿ ಇನ್ನೊಂದು. ಕಾಳಗ ಮುಗಿದ ಮೇಲೆ ಒಂದು ಪದ್ಧತಿಯೂ ಇತ್ತು. ಎರಡೂ ಕಡೆಯ ನಾಯಕರು ಹಳ್ಳದ ನಡುವೆ ನಿಂತು, ಬಾಯಲ್ಲಿ ನೀರು ತುಂಬಿಕೊಂಡು, "ಇನ್ನು ಜಗಳವಿಲ್ಲ" ಎಂದು ಆಣೆ ಮಾಡಿ ಉಗುಳುತ್ತಿದ್ದರು. ಬಾಯಲ್ಲಿ ನೀರು ಇಟ್ಟುಕೊಂಡು ಹೇಳಿದ ಮಾತು ಯಾರಿಗೆ ಸರಿಯಾಗಿ ಕೇಳಿಸೀತು ಹೇಳಿ! ಆಮೇಲೆ ಗೆದ್ದವರು ಸೋತವರ ಜಾಗಕ್ಕೆ ಮುಳ್ಳುಬೇಲಿ ಹಾಕುತ್ತಿದ್ದರು. ಸೋತವರು ಬೇಲಿ ನೋಡಿ ನೋಡಿ ಒಳಗೇ ಕುದಿಯುತ್ತಿದ್ದರು.

ಕೊನೆಯ ಕಾಳಗವಂತೂ ಘೋರವಾಗಿತ್ತು. ಹುಲ್ಲೆಲ್ಲ ತುಳಿತಕ್ಕೆ ಸಿಕ್ಕಿ ಮಣ್ಣಾಯಿತು. ಗೆಡ್ಡೆಗೆಣಸು ಮಾಯವಾದವು. ಜಗಳಕ್ಕೆ ಸಂಬಂಧವೇ ಇಲ್ಲದ ಮೊಲಗಳ ಬಿಲಗಳು ಕುಸಿದವು. ಆ ಸಲ ಗೆದ್ದದ್ದು ಕಡವೆಗಳು. ಅವುಗಳ ನಾಯಕ ಕವಲಯ್ಯ ಮಸೆಬಂಡೆಯ ಸುತ್ತ ದಪ್ಪ ಮುಳ್ಳುಬೇಲಿ ಹಾಕಿಸಿ ಪಹರೆ ನಿಲ್ಲಿಸಿದ.

ಅದೇ ಕಾಳಗದಲ್ಲಿ ಬೂದವ್ವ ಎಂಬ ಹೆಣ್ಣು ಕಡವೆಯ ಗಂಡ ಸತ್ತ. ದೊಡ್ಡ ಮಗನೂ ಸತ್ತ. ಉಳಿದದ್ದು ಒಬ್ಬನೇ, ಮೊಗ್ಗ. ಆ ವರ್ಷ ಮೊಗ್ಗನ ಹಣೆಯ ಮೇಲೆ ಎರಡು ಪುಟ್ಟ ಕೊಂಬು ಮೂಡತೊಡಗಿದವು. ಬೇರೆ ತಾಯಂದಿರಾದರೆ ಹಿಗ್ಗುತ್ತಿದ್ದರು. ಬೂದವ್ವನ ಎದೆ ಮಾತ್ರ ಧಸಕ್ಕೆಂದಿತು. ಯಾಕೆಂದರೆ ಕೊಂಬು ಮೂಡಿದವನು ಕಾಳಗದಲ್ಲಿ ಮುಂದಿನ ಸಾಲಿನಲ್ಲಿ ನಿಲ್ಲಬೇಕೆಂಬುದು ಹಿಂಡಿನ ಕಟ್ಟಳೆಯಾಗಿತ್ತು.

ಒಂದು ಸಂಜೆ ಪಡುವಣ ದಡದಿಂದ ಕರಕರ ಸದ್ದು ಕೇಳಿತು. ಪಹರೆಯವರ ಕಣ್ಣು ತಪ್ಪಿಸಿ, ಬೇಲಿ ಸರಿಸಿ ಯಾವುದೋ ಹಂದಿ ಬಂಡೆಯ ಹತ್ತಿರ ಹೋಗಿತ್ತು. ಕವಲಯ್ಯ ಎದ್ದು ನಿಂತ.

"ಶುರುಮಾಡಿಬಿಟ್ಟವು! ಕೊಂಬಿದ್ದವರೆಲ್ಲ ನಾಳೆಯಿಂದ ಉಪ್ಪು ನೆಕ್ಕಿ ತಯಾರಾಗಿ. ಮೊಗ್ಗನೂ ಬರಲಿ."

ಬೆಳಗಾಗುತ್ತಲೇ ಬೂದವ್ವ ಜೊಂಪಣ್ಣನ ಹತ್ತಿರ ಹೋದಳು. ಜೊಂಪಣ್ಣ ಕರಡಿ. ಈ ದಡದ ಜೇನು, ಆ ದಡದ ಗೆದ್ದಲು ಎಂದು ಎರಡೂ ಕಡೆ ಅಲೆಯುತ್ತಿದ್ದವನು. ಅವನನ್ನು ಯಾರೂ ತಡೆಯುತ್ತಿರಲಿಲ್ಲ. ಅವನು ಯಾರ ನಾಯಕನೂ ಆಗಿರಲಿಲ್ಲ.

"ಜೊಂಪಣ್ಣ, ಇನ್ನೊಂದು ಸಲ ಆಣೆ ಮಾಡಿಸಲು ಆಗುತ್ತದೆಯೇ?" ಎಂದು ಕೇಳಿದಳು.

ಜೊಂಪಣ್ಣ ಹುತ್ತದಿಂದ ಮೂತಿ ತೆಗೆದ. "ಆಣೆ ಮಾಡಿಸಬಹುದು ತಂಗಿ. ನಮ್ಮಪ್ಪನೂ ಮಾಡಿಸಿದ್ದ. ಅದಕ್ಕೇನು ಖರ್ಚೇ? ಒಂದು ಗುಟುಕು ನೀರು. ಅದಿರಲಿ, ನಿನಗೆ ಹಂದಿಗಳೆಂದರೆ ಅಷ್ಟು ಹೆದರಿಕೆಯೇ?"

ಬೂದವ್ವ ಯೋಚಿಸಿದಳು. "ಬೆಳಿಗ್ಗೆ ನೀರು ಕುಡಿಯಲು ಹೋದಾಗ ಆಚೆ ದಡದಲ್ಲಿ ಕೆಸರವ್ವ ಎಂಬ ಹಂದಿ ಮರಿಗಳನ್ನು ಕರೆದುಕೊಂಡು ಬರುತ್ತಾಳೆ. ಅವಳನ್ನು ಕಂಡರೆ ಹೆದರಿಕೆಯಿಲ್ಲ. ಏನು ಮಾಡುತ್ತಿದ್ದಾಳೆಂದು ಕಣ್ಣಿಗೆ ಕಾಣುತ್ತದಲ್ಲ. ಸಂಜೆ ಬರೀ ಸದ್ದು ಕೇಳುತ್ತದೆ ನೋಡು, ಆಗ ಕೈಕಾಲು ತಣ್ಣಗಾಗುತ್ತದೆ."

ಜೊಂಪಣ್ಣ ತಲೆ ಕೆರೆದುಕೊಂಡ. ಬಹಳ ಹೊತ್ತು ಕೆರೆದುಕೊಂಡ. ಆಮೇಲೆ ಹೇಳಿದ: "ಹಾಗಾದರೆ ಸದ್ದು ಮಾಡುವುದನ್ನೂ ಕಣ್ಣಿಗೆ ಕಾಣುವ ಹಾಗೆ ಮಾಡಬೇಕು. ಬಂಡೆಯನ್ನು ಹಂದಿಗಳ ಕೈಯಿಂದಲೂ ತೆಗೆ, ಕಡವೆಗಳ ಕೈಯಿಂದಲೂ ತೆಗೆ. ಗುಂಡಿಯನ್ನೂ ಹಾಗೆಯೇ. ಎರಡಕ್ಕೂ ಒಂದೇ ಕಾವಲು. ಕಾವಲಿನಲ್ಲಿ ಒಂದು ಕಡವೆ, ಒಂದು ಹಂದಿ, ಜೊತೆಗೆ ಒಂದು ಸಣ್ಣ ಪ್ರಾಣಿ. ಬೇಕಾದವರು ಹಗಲಲ್ಲಿ ಬಂದು ಕಾವಲಿನವರನ್ನು ಕೇಳಿ ತೆಗೆದುಕೊಳ್ಳಲಿ. ಕಾವಲಿನವರು ಬೇಡವೆಂದರೆ ಯಾವ ನಾಯಕ ಹೇಳಿದರೂ ಇಲ್ಲ."

"ನಾಯಕರು ಒಪ್ಪುತ್ತಾರೆಯೇ?"

"ನಿನ್ನವನನ್ನು ನೀನು ಕೇಳು. ಆ ಕಡೆಯವನನ್ನು ನಾನು ಕೇಳುತ್ತೇನೆ."

ಕವಲಯ್ಯ ಕೇಳಿದ್ದೇ ತಡ, ಕಾಲಿನಿಂದ ನೆಲ ಕೆದರಿದ. "ಏನು ಮಾತು ಇದು ಬೂದವ್ವ? ಆ ಬಂಡೆಗಾಗಿ ನಿನ್ನ ಗಂಡನೇ ಪ್ರಾಣ ಕೊಟ್ಟ. ಗೆದ್ದದ್ದನ್ನು ತೆಗೆದುಕೊಂಡು ಹೋಗಿ ಹಂದಿಗಳ ಜೊತೆ ಹಂಚಿಕೊಳ್ಳಬೇಕೇ?"

"ಗೆದ್ದಿದ್ದೀರಿ ಮಾವ, ಇಲ್ಲವೆನ್ನುವುದಿಲ್ಲ. ಗೆದ್ದ ಮೇಲೆ ನೀವು ಒಂದು ರಾತ್ರಿಯಾದರೂ ಕಣ್ತುಂಬ ನಿದ್ದೆ ಮಾಡಿದ್ದೀರಾ?"

ಕವಲಯ್ಯನ ಕಣ್ಣುಗಳು ಕೆಂಪಗಿದ್ದವು. ಪ್ರತಿ ಸಂಜೆ ಕಿವಿ ನೆಟ್ಟಗೆ ಮಾಡಿಕೊಂಡು ಕೂತು ಕೂತು ಅವನ ಕತ್ತೂ ಹಿಡಿದುಕೊಂಡಿತ್ತು. ಸೋತ ಹಂದಿಗಳು ಮಲಗುತ್ತಿದ್ದವು, ಗೆದ್ದವನಿಗೆ ನಿದ್ದೆಯಿರಲಿಲ್ಲ.

"ಕೋರಪ್ಪ ಒಪ್ಪಿದರೆ ನೋಡೋಣ" ಎಂದ, ಒಪ್ಪಲಾರನೆಂಬ ಧೈರ್ಯದಲ್ಲಿ.

ಕೋರಪ್ಪ ಹಂದಿಗಳ ನಾಯಕ. ಜೊಂಪಣ್ಣ ಹೋಗಿ ಹೇಳಿದಾಗ ಅವನು ಮೂತಿ ಓರೆ ಮಾಡಿದ. "ಇದರಲ್ಲಿ ಏನು ಮೋಸವಿದೆ? ಬಂಡೆಗೆ ಅವರ ಕಾವಲು ಈಗಲೂ ಇದೆ."

"ಈಗ ಅವರ ಕಾವಲು. ಇನ್ನು ಮುಂದೆ ಇಬ್ಬರದು. ಉಪ್ಪುಗುಂಡಿಗೂ ಇಬ್ಬರದು."

"ಉಪ್ಪುಗುಂಡಿಗೂ? ನಮ್ಮವರು ಅಲ್ಲಿ ಸೋತವರ ಹಾಗೆ ಕೆಳಗೆ ಕೂರಬೇಕೋ, ಅವರ ಪಕ್ಕದಲ್ಲಿ ಕೂರಬೇಕೋ?"

"ಪಕ್ಕದಲ್ಲಿ."

ಸೋತ ದಿನದಿಂದ ಯಾರೂ ಕೋರಪ್ಪನಿಗೆ ಪಕ್ಕದಲ್ಲಿ ಕೂರು ಎಂದಿರಲಿಲ್ಲ. "ಹಾಗಾದರೆ ಒಪ್ಪಿದೆ. ಈಗಲೇ ಹೋಗಿ ಹೇಳು, ಆ ಕವಲಯ್ಯನ ಮನಸ್ಸು ಬದಲಾಗುವುದರೊಳಗೆ" ಎಂದ.

ಆಡಿದ ಮಾತಿಗೆ ಕಟ್ಟುಬಿದ್ದು ಕವಲಯ್ಯನೂ ಒಪ್ಪಿದ, ಮುಳ್ಳುಬೇಲಿಯನ್ನು ಕಿತ್ತೆಸೆದರು. ಉಪ್ಪುಗುಂಡಿಯ ಕಾವಲಿಗೆ ಬೂದವ್ವ ಮತ್ತು ಕೆಸರವ್ವ ಕೂತರು. ಕುಪ್ಪಿ ಎಂಬ ಮೊಲ ತಾನಾಗಿಯೇ ಬಂದು ನಡುವೆ ಕೂತಿತು. "ನಿಮ್ಮ ಜಗಳದಲ್ಲಿ ಮೊದಲು ಕುಸಿಯುವುದು ನಮ್ಮ ಬಿಲ. ನಮಗೂ ಒಂದು ಮಾತಿರಲಿ" ಎಂದಿತು. ಮಸೆಬಂಡೆಗೂ ಹಾಗೆಯೇ ಮೂವರು ಕಾವಲಿನವರು ಕೂತರು. ತಪ್ಪಿ ನಡೆದವರ ಹಿಂಡಿಗೆ ಒಂದು ಹುಣ್ಣಿಮೆಯಿಂದ ಇನ್ನೊಂದು ಹುಣ್ಣಿಮೆಯವರೆಗೆ ಉಪ್ಪೂ ಇಲ್ಲ, ಬಂಡೆಯೂ ಇಲ್ಲ ಎಂದು ನಿಶ್ಚಯವಾಯಿತು.

ಮೇಲೆ ಮರದಲ್ಲಿ ಕೂತಿದ್ದ ಮುಸುವರಾಯನನ್ನೂ ಕರೆದರು. ಅವನು ಉದ್ದ ಬಾಲದ ಮುಸುವ ಕೋತಿಗಳ ದೊರೆ. "ನಾವು ಮರದ ಮೇಲಿನವರು. ನೆಲದ ಉಸಾಬರಿ ನಮಗೇಕೆ? ಅದೂ ಅಲ್ಲದೆ ಇದು ಮೊದಲ ಮಳೆ ಬೀಳುವವರೆಗೂ ಬಾಳುವುದಿಲ್ಲ" ಎಂದು ಹಲ್ಲು ಕಿರಿದ.

ಅವನ ಮಾತು ಇನ್ನೇನು ನಿಜವಾಗಿಬಿಡುವುದರಲ್ಲಿತ್ತು.

ಒಂದು ದಿನ ಹೊತ್ತು ಇಳಿಯುವಾಗ ಪಡುವಣ ದಡದಿಂದ ಸದ್ದು ಬಂತು. ಕರಕರ, ಕರಕರ. ನಿಲ್ಲಲೇ ಇಲ್ಲ. ಕವಲಯ್ಯನ ಕಿವಿ ಎಂದಿನಂತೆ ನೆಟ್ಟಗಾಯಿತು. ಹೋಗಿ ಕಾವಲಿನವರನ್ನು ಕೇಳಿದ್ದರೆ ಆಗುತ್ತಿತ್ತು. ಅದಕ್ಕಾಗಿಯೇ ತಾನೇ ಅವರನ್ನು ಕೂರಿಸಿದ್ದು? ಆದರೆ ನಾಯಕನಾದವನು ಒಂದು ಮೊಲವನ್ನು ಹೋಗಿ ಕೇಳುವುದೇ! ಅವನು ದೊಡ್ಡ ಕೊಂಬಿನವರನ್ನು ಸದ್ದಿಲ್ಲದೆ ಸೇರಿಸಿಕೊಂಡು ನೆಟ್ಟಗೆ ಉಪ್ಪುಗುಂಡಿಗೆ ಬಂದ.

"ಸರಿ ಬೂದವ್ವ, ದಾರಿ ಬಿಡು" ಎಂದ.

"ಹೊತ್ತು ಮುಳುಗುತ್ತಿದೆ ಮಾವ. ಬೆಳಿಗ್ಗೆ ಬಂದು ಕೇಳಿ."

"ಯಾರನ್ನು ಕೇಳಬೇಕು? ನಿನ್ನನ್ನೋ? ನಾನು ನಿನ್ನ ನಾಯಕ!"

ಕೆಸರವ್ವ ಎದ್ದು ನಿಂತಳು. ಸಂಜೆಯಲ್ಲಿ, ಗುಂಪುಗೂಡಿ, ಉಪ್ಪು ನೆಕ್ಕಲು ಬಂದ ಕಡವೆಗಳು. ಇದರ ಅರ್ಥ ಹಂದಿಗಳಲ್ಲಿ ಮರಿಗೂ ಗೊತ್ತು. ಅವಳು ಒಂದು ಸಲ ಕೂಗಿದರೆ ಕೋರಪ್ಪನ ಹಿಂಡೆಲ್ಲ ಹಳ್ಳ ದಾಟಿ ಬರುತ್ತಿತ್ತು.

ಆದರೆ ಅವಳು ಕೂಗಲಿಲ್ಲ. ಮೊದಲು ಬೂದವ್ವನ ಮುಖ ನೋಡಿದಳು. "ಅಕ್ಕಾ, ಏನು ಮಾಡಲಿ? ನಿನ್ನ ಮಗ ಈಗ ನಮ್ಮ ದಡದಲ್ಲಿದ್ದಾನೆ" ಎಂದು ಮೆಲ್ಲಗೆ ಹೇಳಿದಳು.

ಹೌದು ಮಕ್ಕಳೇ, ಬೆಳಿಗ್ಗೆಯೇ ಕೆಸರವ್ವನ ಮರಿಗಳ ಜೊತೆ ಹೋಗಿದ್ದ ಮೊಗ್ಗ ಆ ಹೊತ್ತಿಗೆ ಹಂದಿಗಳ ನಡುವೆ ಇದ್ದ. ಈಗ ಕೆಸರವ್ವ ಕೂಗಿ, ಹಂದಿಗಳು ರೊಚ್ಚಿಗೆದ್ದರೆ, ಮೊದಲು ಕೋರೆ ತಾಗುವುದು ಅವನಿಗೇ. ಕೂಗಬೇಡ ಎಂದುಬಿಟ್ಟರೆ? ಕವಲಯ್ಯ ಉಪ್ಪು ನೆಕ್ಕಿ ಹೋಗುತ್ತಾನೆ. ಮಗ ಮನೆಗೆ ಬರುತ್ತಾನೆ. ಆದರೆ ನಾಳೆ ಕೆಸರವ್ವ ಇಲ್ಲಿ ಕೂರುವುದಿಲ್ಲ. ನಾಡಿದ್ದು ಬೇಲಿ ಏಳುತ್ತದೆ. ಅದರ ಮರುದಿನ ಮೊಗ್ಗ ಮುಂದಿನ ಸಾಲಿನಲ್ಲಿ ನಿಂತಿರುತ್ತಾನೆ.

ಬೂದವ್ವ ಹೇಳಿದಳು: "ಕೂಗು ಕೆಸರವ್ವ. ಈಗ ಬಾಯಿ ಮುಚ್ಚಿಸಿದರೆ ನಾಳೆ ನೀನು ನನ್ನನ್ನು ನಂಬುವುದಿಲ್ಲ. ನಾನೂ ಜೊತೆಗೆ ಕೂಗುತ್ತೇನೆ."

ಇಬ್ಬರೂ ಕೂಗಿದರು. ಕುಪ್ಪಿಯೂ ಹಿಂಗಾಲಿನಿಂದ ನೆಲ ಬಡಿಯಿತು. ಕವಲಯ್ಯ ದಂಗಾದ. ಹಂದಿ ಕೂಗುವುದು ಸರಿ. ತನ್ನ ಹಿಂಡಿನ ಕಡವೆಯೇ ಹಂದಿಗಳನ್ನು ಕರೆಯುವುದೇ!

ಹಳ್ಳದ ನೀರು ಚಿಮ್ಮಿತು. ಕೋರಪ್ಪ ತನ್ನವರೊಂದಿಗೆ ನುಗ್ಗಿ ಬಂದ. ಕಡವೆಗಳು ಕೊಂಬು ಬಗ್ಗಿಸಿದವು. ಆದರೆ ಕೋರಪ್ಪ ದಡ ಹತ್ತಿ ಗಕ್ಕನೆ ನಿಂತುಬಿಟ್ಟ. ಬರೀ ಹಂದಿಯ ಕೂಗು ಕೇಳಿದ್ದರೆ ಅವನು ನಿಲ್ಲುತ್ತಿರಲಿಲ್ಲ. ಅದರ ಜೊತೆ ಕಡವೆಯ ಕೂಗೂ ಕೇಳಿತ್ತು. ಹೀಗೆ ಅವನ ಆಯುಷ್ಯದಲ್ಲೇ ಆಗಿರಲಿಲ್ಲ.

"ಏನಾಯಿತು?" ಎಂದು ಕೇಳಿದ.

ನೋಡಿ, ಎಷ್ಟೋ ತಲೆಮಾರಿನ ಮೇಲೆ ಒಬ್ಬ ನಾಯಕ ಮೊದಲು ಕೇಳಿದ, ಆಮೇಲೆ ಹಾಯೋಣವೆಂದುಕೊಂಡ.

"ತಪ್ಪು ನಮ್ಮವರದು" ಎಂದಳು ಬೂದವ್ವ. "ಕಾವಲಿನವರನ್ನು ಕೇಳದೆ ಉಪ್ಪಿಗೆ ಬಂದರು. ಇನ್ನೂ ನೆಕ್ಕಿಲ್ಲ."

"ಯಾಕೆ ಬಂದೆ ಎಂದು ಅವರನ್ನು ಕೇಳು! ಅಲ್ಲಿ ಕೋರೆ ಮಸೆಯುವ ಸದ್ದು ಇಲ್ಲಿಯವರೆಗೆ ಕೇಳುತ್ತಿತ್ತು!" ಎಂದು ಕವಲಯ್ಯ ಗುಡುಗಿದ.

ಅಷ್ಟರಲ್ಲಿ ಹಂದಿಗಳ ಹಿಂದಿನಿಂದ ಮೊಗ್ಗ ಏದುಸಿರು ಬಿಡುತ್ತ ಬಂದ. ಮೈಯೆಲ್ಲ ಕೆಸರು. ಪುಟ್ಟ ಕೊಂಬುಗಳಿಂದ ಸುಲಿದ ತೊಗಲು ಜೋತಾಡುತ್ತಿತ್ತು. ಅವನ ಹಿಂದೆ ಕೆಸರವ್ವನ ಮರಿಗಳು.

"ಅದು ನಾನು, ಅಜ್ಜ" ಎಂದ ಮೊಗ್ಗ. "ಕೊಂಬು ತುಂಬ ನವೆಯಾಗುತ್ತಿತ್ತು. ಬೆಳಿಗ್ಗೆಯೇ ಕಾವಲಿನವರನ್ನು ಕೇಳಿ ಹೋಗಿದ್ದೆ. ಇವರು ಬಂಡೆಯ ಒಳ್ಳೆ ಒರಟು ಜಾಗ ತೋರಿಸಿದರು. ಬಿಟ್ಟು ಬರಲು ಮನಸ್ಸೇ ಆಗಲಿಲ್ಲ."

ಒಂದು ಹಂದಿಮರಿ ಕಿಸಕ್ಕೆಂದಿತು. ಕವಲಯ್ಯ ತಲೆ ತಗ್ಗಿಸಿದ. ತನ್ನದೇ ಹಿಂಡಿನ ಹುಡುಗ ಕೊಂಬು ಕೆರೆದುಕೊಂಡದ್ದಕ್ಕೆ ಅವನು ಕಾಡನ್ನೇ ಕಾಳಗಕ್ಕೆ ತಳ್ಳಹೊರಟಿದ್ದ.

"ಕಟ್ಟಳೆ ಏನಿದೆಯೋ ಹಾಗೆ ಆಗಲಿ" ಎಂದ ಕೊನೆಗೆ. ಕಡವೆಗಳಿಗೆ ಮುಂದಿನ ಹುಣ್ಣಿಮೆಯವರೆಗೆ ಉಪ್ಪೂ ಇಲ್ಲ, ಬಂಡೆಯೂ ಇಲ್ಲ. ಹೊಸ ಕೊಂಬಿನವರೆಲ್ಲ ನವೆ ತಾಳಲಾರದೆ ಕುಣಿದಾಡಿದರು. ಆದರೆ ಸೋತೆವೆಂದು ಯಾರೂ ಕುದಿಯಲಿಲ್ಲ. ಶಿಕ್ಷೆ ಕೊಟ್ಟದ್ದು ಹಂದಿಗಳಲ್ಲ, ಎಲ್ಲರೂ ಸೇರಿ ಒಪ್ಪಿದ ಕಾವಲು. ಮರುದಿನ ಕವಲಯ್ಯ ಹೊತ್ತೇರುವವರೆಗೆ ಗೊರಕೆ ಹೊಡೆದನಂತೆ.

ಆಮೇಲೆ ಒಂದರಿಂದ ಒಂದು ಬೆಳೆಯಿತು. ಬಂಡೆ, ಗುಂಡಿ ಆಯಿತು, ನೀರಿಗಿಳಿಯುವ ದಾರಿಗೂ ಒಂದೇ ಕಾವಲು ಇರಲಿ ಎಂದರು. ಬೇಸಿಗೆಯಲ್ಲಿ ಒರತೆ ತೋಡುವುದು ಎಲ್ಲರ ಕೆಲಸವಾಯಿತು. ಹಂದಿಗಳು ಮೂತಿಯಿಂದ ಅಗೆದರೆ ಕಡವೆಗಳು ಮಣ್ಣು ಹಿಂದಕ್ಕೆ ಕೆದರಿದವು. ಎಳೆಯ ಕಡವೆಗಳು ಯಾರನ್ನೂ ಕೇಳದೆಯೇ ಆ ದಡದಲ್ಲಿ ಮೇಯತೊಡಗಿದವು, ಹಂದಿಮರಿಗಳು ಈ ದಡದಲ್ಲಿ ಗೆಡ್ಡೆ ಅಗೆದವು. ಮೇಲಿನ ಕಣಿವೆಯ ಜಿಂಕೆಗಳು ಬಂದು, "ನಮ್ಮನ್ನೂ ಸೇರಿಸಿಕೊಳ್ಳಿ" ಎಂದವು. "ನಿಮ್ಮ ಹುಲ್ಲುಗಾವಲಿನಲ್ಲಿ ನಮ್ಮ ಕಾವಲೂ ಕೂರಬೇಕು, ಆಗಬಹುದೇ?" ಎಂದು ಕೇಳಿದರು. ಜಿಂಕೆಗಳು ಒಪ್ಪಿದವು. ಆಮೇಲೆ ಮುಳ್ಳುಹಂದಿಗಳು, ಕಾಡುಕೋಳಿಗಳು, ಯಾರು ಯಾರೋ ಬಂದರು.

ಮುಸುವರಾಯನ ಕತೆ ಮಾತ್ರ ತಮಾಷೆಯದು. ಮೊದಲು ನಕ್ಕ. ಒರತೆಯ ನೀರು ಕಂಡು, ನಮ್ಮನ್ನೂ ಸೇರಿಸಿಕೊಳ್ಳಿ ಎಂದ. ಆಗ ಕವಲಯ್ಯ, "ಅಂದು ಹಲ್ಲು ಕಿರಿದವನಲ್ಲವೇ ನೀನು?" ಎಂದು ಬೇಡವೆಂದ. ಬಹಳ ದಿನಗಳ ಮೇಲೆ ಸೇರಿಸಿಕೊಂಡರು. ಸೇರಿದವನು ಪ್ರತಿ ಸಭೆಯಲ್ಲೂ ಮೂಗು ಮುರಿದು, ಕೊನೆಗೊಂದು ದಿನ, "ನಮ್ಮ ಮರ ನಮಗೆ" ಎಂದು ಎದ್ದು ಹೋದ. ಯಾರೂ ಅವನ ಬಾಲ ಹಿಡಿದು ಎಳೆಯಲಿಲ್ಲ. ಹೋಗುವುದಕ್ಕೂ ಅಲ್ಲಿ ದಾರಿಯಿತ್ತು.

ಎಲ್ಲ ಸಕ್ಕರೆಯಾಯಿತೆಂದು ಹೇಳಿದರೆ ನಾನು ಸುಳ್ಳು ಹೇಳಿದಂತಾಗುತ್ತದೆ. ಹಿಂಡುಗಳು ಹೆಚ್ಚಾದಂತೆ ತಕರಾರುಗಳೂ ಹೆಚ್ಚಾದವು. ನೀರು ಕದಡಿದವರು ಯಾರು, ಒರತೆ ತೋಡುವಾಗ ಮೈಗಳ್ಳತನ ಮಾಡಿದವರು ಯಾರು, ಕಾಡುಕೋಳಿಯ ಮಾತಿಗೂ ಹಂದಿಯ ಮಾತಿಗೂ ಒಂದೇ ತೂಕವೇ? ಸಭೆಗಳು ಮುಗಿಯುತ್ತಲೇ ಇರಲಿಲ್ಲ. ಜೊಂಪಣ್ಣ ಅಲ್ಲೇ ನಿದ್ದೆ ಹೋಗುತ್ತಿದ್ದ.

ವರ್ಷಗಳು ಕಳೆದವು. ಬೂದವ್ವ ಮುದುಕಿಯಾದಳು. ಮೊಗ್ಗನ ಕೊಂಬುಗಳು ಮರದ ಕೊಂಬೆಗಳ ಹಾಗೆ ಕವಲೊಡೆದವು. ಅವನೀಗ ಕಡವೆಗಳ ಪರವಾಗಿ ಸಭೆಗೆ ಹೋಗುತ್ತಿದ್ದ.

ಒಂದು ಸಂಜೆ ಅವನು ಬರುವುದು ತಡವಾಯಿತು. ಕತ್ತಲಾಗುತ್ತ ಬಂದರೂ ಸುಳಿವಿಲ್ಲ. ಬೂದವ್ವ ದಾರಿ ನೋಡುತ್ತ ನಿಂತೇ ಇದ್ದಳು. ಕೊನೆಗೆ ಮೊಗ್ಗ ಕಾಲೆಳೆಯುತ್ತ ಬಂದು ಅವಳ ಪಕ್ಕ ದೊಪ್ಪನೆ ಕುಸಿದು ಕೂತ.

"ಯಾಕೋ ಇಷ್ಟು ಹೊತ್ತು?"

"ಏನು ಹೇಳಲಮ್ಮ! ಕೆಸರಿನ ಹೊಂಡದಲ್ಲಿ ಮೊದಲು ಹೊರಳುವವರು ಯಾರೆಂದು ಮಧ್ಯಾಹ್ನದಿಂದ ವಾದ. ಆ ಹಂದಿ ಬಿಡುವುದಿಲ್ಲ, ಈ ಜಿಂಕೆ ಕೇಳುವುದಿಲ್ಲ. ಕೊನೆಗೂ ತೀರ್ಮಾನವಾಗಲಿಲ್ಲ, ನಾಳೆ ಮತ್ತೆ ಕೂರಬೇಕಂತೆ. ಕೇಳಿ ಕೇಳಿ ತಲೆ ಸಿಡಿಯುತ್ತಿದೆ. ಇದೆಲ್ಲ ಯಾರಿಗೆ ಬೇಕಾಗಿತ್ತಮ್ಮ?"

ಅವನ ಅಪ್ಪನೂ ಅಣ್ಣನೂ ಇಂಥದ್ದೇ ಸಂಜೆ ಹೋದವರು, ಬರಲೇ ಇಲ್ಲ. ಇವನು ತಲೆನೋವು ತಂದಿದ್ದಾನೆ. ಬೂದವ್ವನಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ನನಗೆ ಬೇಕಾಗಿತ್ತು ಮಗಾ" ಎಂದು, ನೋಯುತ್ತಿದ್ದ ಅವನ ಹಣೆಯನ್ನು ನೆಕ್ಕತೊಡಗಿದಳು.

ನೀತಿ: ನೆರೆಯವರ ಮೇಲಿನ ಸಂಶಯ ಆಣೆ ಮಾಡಿದರೆ ಹೋಗುವುದಿಲ್ಲ, ಬೇಲಿ ಹಾಕಿದರೂ ಹೋಗುವುದಿಲ್ಲ, ಇಬ್ಬರಿಗೂ ಬೇಕಾದದ್ದನ್ನು ಇಬ್ಬರೂ ಪಕ್ಕಪಕ್ಕದಲ್ಲಿ ಕೂತು ನೋಡಿಕೊಂಡರೆ ಹೋಗುತ್ತದೆ.